ಚಿತ್ತಮ್ಮನ ಬಲಗಾಲು ಮತ್ತು ಹತ್ತೊಂಬತ್ತು ಸೊಂಟಗಳು

ಚಿತ್ತಮ್ಮ ಹುಟ್ಟುವಾಗ ತಲೆಗಿಂತ ಮೊದಲು ಕಾಲನ್ನು ಈ ಲೋಕಕ್ಕೆ ಇಟ್ಟವಳು. ಆ ಒಂದು ಅವಸರದಿಂದಲೇ ಅರವತ್ತೊಂದು ವರ್ಷ ಮರ್ಯಾದೆಯಾಗಿ ಬಾಳಿದಳು. ಜವನಗೊಂಡನಹಳ್ಳಿ ಸುತ್ತಮುತ್ತ ಯಾರದಾದರೂ ಸೊಂಟ ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗುವುದು ವಾಡಿಕೆ. ಅಂಥವರು ಬಲಗಾಲಿನಿಂದ ಮೂರು ಸಲ ಸೊಂಟ ಸವರಿ, ಕೊನೆಗೆ ಮೆಲ್ಲಗೆ ಒಂದು ಒದೆ ಕೊಟ್ಟರೆ ಉಳುಕು ಬಿಟ್ಟುಹೋಗುತ್ತದೆಂಬ ನಂಬಿಕೆ. ಚಿತ್ತಮ್ಮನಿಂದ ಒದೆಸಿಕೊಂಡವರಲ್ಲಿ ಪಂಚಾಯಿತಿ ಮೆಂಬರು ಇದ್ದರು, ಬಸ್ ಕಂಡಕ್ಟರು ಇದ್ದರು, ಬೇರೆ ಹೊತ್ತಿನಲ್ಲಿ ಯಾರ ಮುಂದೆಯೂ ಬಗ್ಗದ ದೊಡ್ಡ ಮನುಷ್ಯರೂ ಇದ್ದರು. ಅವಳು ಯಾರಿಂದಲೂ ಏನೂ ಕೇಳುತ್ತಿರಲಿಲ್ಲ. ಎಲೆ ಅಡಿಕೆ ಕೊಟ್ಟರೆ ಬೇಡ ಅನ್ನುತ್ತಲೂ ಇರಲಿಲ್ಲ.

ಆ ಕಾಲಿನ ಮೇಲೆ ಅವಳಿಗೆ ಅಪಾರ ಗೌರವ. ಮುಳ್ಳಿನ ದಾರಿಯಲ್ಲಿ ನಡೆಯುವಾಗ ಚುಚ್ಚಿದರೆ ಎಡಗಾಲಿಗೇ ಚುಚ್ಚಲಿ ಎಂದು ಅದನ್ನೇ ಮುಂದೆ ಕಳಿಸುತ್ತಿದ್ದಳು.

ಊರ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುವುದು ಅವಳ ಕೆಲಸ. ಅಲ್ಲಿಯೇ ಒಂಬತ್ತನೇ ಕ್ಲಾಸಿನಲ್ಲಿ ಅವಳ ಮೊಮ್ಮಗಳು ದೀಪಾ ಓದುತ್ತಿದ್ದಳು. ಓದಿಗಿಂತ ಓಟ ಜಾಸ್ತಿ. ಖೋಖೋದಲ್ಲಿ ದೀಪಾ ಅಟ್ಟಿಸಿಕೊಂಡು ಬಂದರೆ ತಪ್ಪಿಸಿಕೊಳ್ಳುವವರು ಕಡಿಮೆ. ಅಂಥ ಹುಡುಗಿಗೆ ಯುಗಾದಿಯಿಂದ ಸೊಂಟನೋವು. ಬಗ್ಗಿದರೆ ನೋವು, ಬೆಂಚಿನ ಮೇಲೆ ಎರಡು ಪೀರಿಯಡ್ ಕುಂತರೆ ನೋವು. ಆಗಸ್ಟಿನಲ್ಲಿ ಹೋಬಳಿ ಮಟ್ಟದ ಆಟ. ಅಷ್ಟರಲ್ಲಿ ನೋವು ಹೋಗದಿದ್ದರೆ ತಂಡದಿಂದ ಹೆಸರು ತೆಗೆಯಬೇಕಾಗುತ್ತದೆಂದು ಹೆಡ್ ಮೇಷ್ಟ್ರು ನಾಗರಾಜಪ್ಪ ಹೇಳಿಬಿಟ್ಟಿದ್ದರು.

ಚಿತ್ತಮ್ಮ ಒಂಬತ್ತು ಮಂಗಳವಾರ ಮೊಮ್ಮಗಳ ಸೊಂಟಕ್ಕೆ ಕಾಲು ಮುಟ್ಟಿಸಿದಳು. ನೋವು ಅಲ್ಲಾಡಲಿಲ್ಲ. “ಮನೆಯೋರಿಗೆ ಹತ್ತಾದು ನಿಧಾನ” ಎಂದು ಕಾಲಿನ ಪರವಾಗಿ ಸಮಜಾಯಿಷಿ ಕೊಟ್ಟಳು.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಹಿರಿಯೂರಿನಿಂದ ಬಿಂದು ಎಂಬ ಫಿಸಿಯೋಥೆರಪಿಸ್ಟ್ ಬಂದಳು. ಮಕ್ಕಳ ಬೆನ್ನಿಗೆ ವ್ಯಾಯಾಮ ಕಲಿಸಲು ಮಂಗಳವಾರ, ಶುಕ್ರವಾರ ಬರುವುದೆಂದು ನಿಗದಿಯಾಗಿತ್ತು. ನಾಗರಾಜಪ್ಪನವರು ಅವಳನ್ನು ಪರಿಚಯಿಸುತ್ತಾ ವೈಜ್ಞಾನಿಕ ಮನೋಭಾವದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟು ಹೊತ್ತು ನೆಲದ ಮೇಲೆ ಕುಂತ ಮಕ್ಕಳನ್ನು ಬಿಂದು, “ಯಾರ್ ಯಾರಿಗೆ ಸೊಂಟ ನೋಯ್ತದೆ?” ಎಂದು ಕೇಳಿದಾಗ ಹತ್ತೊಂಬತ್ತು ಕೈ ಎದ್ದವು. ಭಾಷಣದಿಂದ ಹುಟ್ಟಿದ ನೋವೆಷ್ಟು, ಮೊದಲಿಂದ ಇದ್ದದ್ದೆಷ್ಟು ಎಂದು ವಿಂಗಡಿಸುವುದು ಕಷ್ಟವಿತ್ತು.

ಬಿಂದು ಒಬ್ಬೊಬ್ಬರನ್ನೇ ಕರೆದು ನೋಡಿದಳು. ಜ್ವರ ಬರುತ್ತದೆಯೇ, ಕಾಲು ಜೋಮು ಹಿಡಿಯುತ್ತದೆಯೇ, ನಿದ್ದೆಯಲ್ಲಿ ನೋವಿಗೆ ಎಚ್ಚರವಾಗುತ್ತದೆಯೇ ಎಂದು ಕೇಳಿದಳು. ಎಲ್ಲರೂ ಇಲ್ಲವೆಂದರು. “ಭಯ ಪಡೋದೇನಿಲ್ಲ. ಬೆನ್ನಿಗೆ ಬಲ ಬೇಕು, ತೊಡೆ ಹಿಂದಿನ ಸ್ನಾಯು ಸಡಿಲ ಆಗ್ಬೇಕು. ಎಂಟು ವಾರ ದಿನಾ ಮಾಡ್ರಿ. ಮಲಗಿದ್ರೆ ಹೋಗೋ ನೋವಲ್ಲ ಇದು, ಎದ್ರೆ ಹೋಗೋದು” ಎಂದಳು.

ಆಮೇಲೆ ಕೈ ಮಂಡಿ ಊರಿ, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ ತೋರಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಚಿತ್ತಮ್ಮ, ಎಲ್ಲರಿಗೂ ಕೇಳುವಂತೆ, “ನಮ್ಮೂರ ನಾಯಿ ದಿನಾ ಲೈಟ್ ಕಂಬದ ತಾವ ಇದ್ನೇ ಮಾಡ್ತೈತೆ. ಅದ್ಕೂ ಸೊಂಟನೋವೇನೋ ಪಾಪ” ಎಂದಳು.

ಮೈದಾನವೆಲ್ಲ ನಕ್ಕಿತು. ಬಿಂದುವೂ ನಕ್ಕಳು. ಆದರೆ ಆ ನಗೆ ವ್ಯಾಯಾಮಕ್ಕೆ ಮುಳುವಾಯಿತು. ಮುಂದಿನ ವಾರ ಹತ್ತೊಂಬತ್ತರಲ್ಲಿ ಹನ್ನೊಂದು ಮಂದಿ ಬಂದರು, ಅದರ ಮುಂದಿನ ವಾರ ನಾಲ್ವರು. ಯಾರನ್ನು ಕೇಳಿದರೂ ಒಂದೇ ಉತ್ತರ: “ನಮಗೆ ಅಜ್ಜಿ ಕಾಲು ಸಾಕು ಮಿಸ್.” ಮೂರು ಸಲ ಸವರಿಸಿಕೊಂಡರೆ ಮುಗಿಯುವ ಕೆಲಸಕ್ಕೆ ಎಂಟು ವಾರ ಬೆವರು ಹರಿಸಲು ಮಕ್ಕಳೇನು ದಡ್ಡರೇ? ಚಿತ್ತಮ್ಮನ ನಡಿಗೆಯಲ್ಲಿ ಆ ದಿನಗಳಲ್ಲಿ ಒಂದು ಠೀವಿ ಬಂತು.

ಮೂರನೇ ವಾರದ ಶುಕ್ರವಾರ ಅವಳು ನಲ್ಲಿಯ ಹತ್ತಿರ ಅಕ್ಕಿ ತೊಳೆಯುತ್ತಿದ್ದಳು. ಗೋಡೆಯ ಆಚೆ ಬಿಂದು ದೀಪಾಳನ್ನು ವಿಚಾರಿಸುತ್ತಿದ್ದಳು.

“ಯಾಕವ್ವ ದೀಪಾ, ನೀನು ಒಂದಿನಾನೂ ಬರ್ಲಿಲ್ಲ?”

“ಹಂಗೇ ಮಿಸ್.”

“ನೋವು ಕಮ್ಮಿ ಆಗೈತಾ?”

“ಜಾಸ್ತಿ ಆಗೈತೆ.”

“ಮತ್ತೆ?”

ದೀಪಾ ಸಣ್ಣ ದನಿಯಲ್ಲಿ, “ನಾನು ನಿಮ್ ತಾವ ಬಂದು ವಾಸಿ ಆದ್ರೆ, ಅಜ್ಜಿ ಕಾಲು ಸುಳ್ಳು ಅಂತಾರೆ ಮಿಸ್ ಎಲ್ರೂ. ಅಜ್ಜಿಗೆ ಅದೊಂದೇ ಇರಾದು. ಖೋಖೋ ಹೋದ್ರೆ ಹೋಗ್ಲಿ ಬಿಡ್ರಿ” ಎಂದಳು.

ಅಕ್ಕಿಯ ಬೋಗುಣಿಯಲ್ಲಿ ನೀರು ತುಂಬಿ ಹರಿಯಿತು. ಒಂದೆರಡು ಹಿಡಿ ಅಕ್ಕಿಯೂ ಜೊತೆಗೆ ಹೋಯಿತು. ಚಿತ್ತಮ್ಮ ನಲ್ಲಿ ನಿಲ್ಲಿಸಲಿಲ್ಲ. ಎಷ್ಟೋ ಜನರನ್ನು ಒದ್ದಿದ್ದಳು. ತನ್ನನ್ನು ಯಾರೋ ಒದ್ದಂತೆ ಅವಳಿಗೆ ಅನ್ನಿಸಿದ್ದು ಅದೇ ಮೊದಲು.

ಆದರೆ ತಪ್ಪಾಯಿತೆಂದು ಒಪ್ಪಿಕೊಳ್ಳುವುದು ಚಿತ್ತಮ್ಮನ ವಂಶದಲ್ಲೇ ಇರಲಿಲ್ಲ. ಅದಕ್ಕೆ ಅವಳು ತನ್ನದೇ ದಾರಿ ಹುಡುಕಿದಳು. ಅಂದು ಮಧ್ಯಾಹ್ನ ಊಟದ ಸಾಲಿನ ಮುಂದೆ ನಿಂತು ಸೌಟನ್ನು ಪಾತ್ರೆಗೆ ಎರಡು ಸಲ ಬಡಿದಳು.

“ಲೇ, ಎಲ್ರೂ ಕೇಳ್ರಿ. ನನ್ ಕಾಲು ಸೆಟೆದಿರೋ ಬೆನ್ನಿಗೆ ಹತ್ತಾದಿಲ್ಲ. ಇವತ್ತಿಂದ, ಮೇಡಮ್ಮೋರು ಹೇಳಿದ್ದನ್ನ ಎಂಟು ವಾರ ಮಾಡಿದ ಬೆನ್ನನ್ನ ಮಾತ್ರ ಮುಟ್ಟಾದು. ಒಂದಿನ ತಪ್ಪಿಸಿದ್ರೂ ಕಾಲಿಲ್ಲ.”

“ಹಂಗಂತ ಯಾವಾಗ ಆಯ್ತು ಚಿತ್ತಮ್ಮ?” ಎಂದರು ನಾಗರಾಜಪ್ಪ.

“ಮೊದ್ಲಿಂದ್ಲೂ ಹಂಗೇ ಐತೆ ಸಾ.”

“ಮತ್ತೆ ಹೋದ್ ವರ್ಷ ನನಗೆ…” ಎಂದು ಶುರುಮಾಡಿದ ಹೆಡ್ ಮೇಷ್ಟ್ರು, ಇನ್ನೂರು ಮಕ್ಕಳೂ ತಮ್ಮ ಕಡೆ ತಿರುಗಿದ್ದನ್ನು ಕಂಡು, ವೈಜ್ಞಾನಿಕ ಮನೋಭಾವವನ್ನು ನೆನೆದು, ಕೆಮ್ಮಿ ಆಫೀಸಿನ ಒಳಗೆ ಹೋದರು.

ಸಂಜೆ ಚಿತ್ತಮ್ಮ ಬಿಂದುವಿನ ಬಳಿಗೆ ಬಂದು, “ಬಂದು ಕುಂತ್ಕಳ್ರಿ ಮೇಡಮ್ಮೋರೆ, ಟೀ ಕುಡೀರಿ” ಎಂದಳು. ಲೋಟ ಕೈಗೆ ಕೊಟ್ಟಮೇಲೆ, “ಎಷ್ಟೆಷ್ಟು ಸಲ ಮಾಡ್ಬೇಕು ಅನ್ನಾದು ನಂಗೆ ಹೇಳಿಕೊಡ್ರಿ. ನೀವು ವಾರಕ್ಕೆ ಎರಡ್ ದಿನ ಬರಾರು. ಉಳಿದ್ ದಿನ ಯಾರು ಎಣಿಸ್ತಾರೆ?” ಎಂದಳು.

ಮಾರನೆಯ ದಿನದಿಂದ ಬೆಳಗಿನ ಪ್ರಾರ್ಥನೆಗೆ ಅರ್ಧ ಗಂಟೆ ಮೊದಲು ಮೈದಾನದಲ್ಲಿ ಹತ್ತೊಂಬತ್ತು ಸೊಂಟಗಳೂ ಹಾಜರಾದವು. ಸಾಲಿನ ಮೊದಲಲ್ಲಿ ದೀಪಾ. ಬಿಂದು ಹೇಳಿದ ಹೆಸರುಗಳು ಚಿತ್ತಮ್ಮನ ನಾಲಿಗೆಗೆ ಹತ್ತಲಿಲ್ಲ. ಕುರಿ ಕಾದು ಬೆಳೆದವಳು, ತನಗೆ ಗೊತ್ತಿದ್ದ ಹೆಸರು ಇಟ್ಟಳು. ಮಂಡಿಯೂರಿ ಕೈ ಮುಂದೆ ಚಾಚಿ ಎದೆ ನೆಲಕ್ಕೆ ತಗ್ಗಿಸುವುದು ‘ಮರಿ ಹಾಲು ಕುಡಿಯೋದು’. ಮೈಯನ್ನು ಕಮಾನಿನಂತೆ ಮೇಲೆತ್ತಿ ಇಳಿಸುವುದು ‘ಬೆಕ್ಕು ಎದ್ದಿದ್ದು’. ಕೈಕಾಲು ಚಾಚುವುದಕ್ಕೆ ನಾಯಿಯ ಹೆಸರೇ ಉಳಿಯಿತು.

“ಲೇ ತಿಪ್ಪಯ್ಯ, ಮರಿ ಹಿಂಗಾ ಹಾಲು ಕುಡಿಯಾದು? ಕುಂಡಿ ಕೆಳಗಿಳಿಸು. ಇಂಥ ಮರಿ ಇದ್ರೆ ತಾಯಿ ಓಡೇ ಹೋಗ್ತೈತೆ.”

“ಅಜ್ಜಿ, ಹತ್ತು ಆತು.”

“ಎಂಟು. ನಾನು ಶಾಲಿಗೆ ಹೋಗಿಲ್ಲ ನಿಜ, ಕುರಿ ಎಣಿಸಿದ್ದೀನಿ.”

ಮೊದಲ ಎರಡು ವಾರ ಏನೂ ಆಗಲಿಲ್ಲ. ತೊಡೆಯ ಹಿಂಭಾಗವೂ ನೋಯಲು ಶುರುವಾಗಿ ಇನ್ನೊಂದು ನೋವು ಸೇರಿತು. ಬಿಂದು ಲೆಕ್ಕ ಇಳಿಸಿ, ಆಮೇಲೆ ನಿಧಾನವಾಗಿ ಏರಿಸಿದಳು. ನಾಲ್ಕನೇ ವಾರ ದೀಪಾ ಎರಡು ಪೀರಿಯಡ್ ಒಂದೇ ಸಮ ಕುಂತಳು. ಆರನೇ ವಾರ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಂಡಳು, ಆಮೇಲೆ ಅದನ್ನು ತಾನೇ ಗಮನಿಸಿ ಇನ್ನೊಮ್ಮೆ ಬಿಚ್ಚಿ ಹಾಕಿಕೊಂಡಳು. ಏಳನೇ ವಾರ ಓಡಲು ಬಿಂದು ಒಪ್ಪಿಗೆ ಕೊಟ್ಟಳು. ಇಬ್ಬರು ಹುಡುಗರಿಗೆ ಆಗಾಗ ನೋವು ಬರುತ್ತಲೇ ಇತ್ತು. ಅವರು ಬೆಳಿಗ್ಗೆ ತಪ್ಪಿಸಿಕೊಳ್ಳುವುದರಲ್ಲೂ ಮೊದಲಿಗರು.

ಹೋಬಳಿ ಮಟ್ಟದ ಆಟ ಇದೇ ಶಾಲೆಯ ಮೈದಾನದಲ್ಲಿ ನಡೆಯಿತು. ಚಿತ್ತಮ್ಮ ಸಾಂಬಾರನ್ನು ಒಲೆಯ ಮೇಲೆ ಬಿಟ್ಟು ಬಂದು ಸುಣ್ಣದ ಗೆರೆಯ ಪಕ್ಕ ನಿಂತಳು. ಕೊನೆಯ ಎರಡು ನಿಮಿಷ. ಎದುರಾಳಿ ತಂಡದ ಒಬ್ಬಳೇ ಹುಡುಗಿ ಉಳಿದಿದ್ದಳು, ಮೀನಿನಂತೆ ಜಾರುತ್ತಿದ್ದಳು. ಖೋ ಸಿಕ್ಕ ದೀಪಾ ಅವಳನ್ನು ಕಂಬದವರೆಗೂ ಅಟ್ಟಿದಳು. ಹುಡುಗಿ ಕಂಬ ಸುತ್ತುವಷ್ಟರಲ್ಲಿ ದೀಪಾ ಮೈಯನ್ನು ಉದ್ದಕ್ಕೆ ಚಾಚಿ ಹಾರಿದಳು. ಧೂಳೆದ್ದಿತು. ರೆಫರಿ ಪೀಪಿ ಊದಿದರು.

ಚಿತ್ತಮ್ಮನಿಗೆ ಔಟಾಯಿತೋ ಇಲ್ಲವೋ ಬೇಕಾಗಿರಲಿಲ್ಲ. ಅವಳು ನೆಲದ ಮೇಲೆ ಬಿದ್ದ ಹುಡುಗಿಯನ್ನೇ ನೋಡುತ್ತಿದ್ದಳು. ದೀಪಾ ಒಂದು ಕೈ ಊರಿ, ನೆಟ್ಟಗೆ ಎದ್ದು, ಲಂಗ ಕೊಡವಿಕೊಂಡು, ಹಲ್ಲು ಬಿಟ್ಟಳು. ಸೊಂಟದ ಮೇಲೆ ಕೈಯಿಡಲಿಲ್ಲ.

ಗೆದ್ದ ಮೇಲೆ, ದೀಪಾಳ ಸೊಂಟನೋವಿನ ಸುದ್ದಿ ಕೇಳಿದ್ದ ಬೇರೆ ಶಾಲೆಯ ಪಿ.ಟಿ. ಮೇಷ್ಟ್ರೊಬ್ಬರು ಬಂದು, “ಈ ಹುಡುಗಿ ಬೆನ್ನು ವಾಸಿ ಮಾಡಿದೋರು ಯಾರ್ರಿ?” ಎಂದು ಕೇಳಿದರು.

ದೀಪಾ ಅಜ್ಜಿಯ ಕಡೆ ಬೆರಳು ಎತ್ತಲು ಹೋದಳು. ಚಿತ್ತಮ್ಮ ಆ ಬೆರಳನ್ನು ಹಿಡಿದು ಕೆಳಗಿಳಿಸಿದಳು.

“ಇವಳೇ ಮಾಡ್ಕಂಡಿದ್ದು. ಹೇಳಿಕೊಟ್ಟಿದ್ದು ಮೇಡಮ್ಮೋರು” ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವಳು ಚಿತ್ತಮ್ಮನೇ ಆಗುತ್ತಿರಲಿಲ್ಲ. “ಎಣಿಸಿದ್ದು ಮಾತ್ರ ನಾನು. ಎಣಿಸೋರು ಸರಿಯಿಲ್ಲ ಅಂದ್ರೆ ಎಂಥ ಬೆನ್ನೂ ನೆಟ್ಟಗಾಗಾದಿಲ್ಲ, ತಿಳ್ಕಳ್ರಿ.”