ಸುಡುವ ಟಿಸಿಗೊಂದು ಸಹಿ

ಭೀಮರಾಜು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳನ್ನು ರಿಪೇರಿ ಮಾಡಿದವನು. ಅವನ ಸಹಿ ಬೀಳದೆ ವಿಮಾನ ನೆಲ ಬಿಡುತ್ತಿರಲಿಲ್ಲ. ನಿವೃತ್ತನಾಗಿ ಮಾಯಸಂದ್ರದ ಪಕ್ಕದ ತನ್ನ ಹಳ್ಳಿಗೆ ಬಂದ ಮೇಲೆ, ತಾನು ಒಂದೇ ಒಂದು ಸುಳ್ಳು ಸಹಿಯನ್ನೂ ಹಾಕಿದವನಲ್ಲವೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಆ ಬೇಸಿಗೆಯಲ್ಲಿ ತೋಟದ ಸಾಲಿನ ಟ್ರಾನ್ಸ್‌ಫಾರ್ಮರ್, ಊರವರ ಬಾಯಲ್ಲಿ ಟಿಸಿ, ಎರಡನೆಯ ಸಲ ಸುಟ್ಟುಹೋಯಿತು. ನಾಲ್ಕು ತೆಂಗಿನ ತೋಟಗಳಿಗೆ ನೀರು ನಿಂತಿತು. ಯಾರ ಮೋಟಾರು ಎಷ್ಟು ಎಚ್‌ಪಿಯದೆಂದು ತಿಳಿದವರೊಬ್ಬರು ನೋಡಿ, ಸಹಿ ಮಾಡಿದ ಪಟ್ಟಿ ಕೊಟ್ಟರೆ ಹೊಸದು ಬರುತ್ತದೆ ಎಂದರು ವಿದ್ಯುತ್ ಕಚೇರಿಯವರು. ಊರು ಭೀಮರಾಜುವಿನ ಮುಖ ನೋಡಿತು. ಅವನು ಹಾಲಿನ ಡೇರಿಯ ಮುಂದೆ ಜನ ಸೇರಿಸಿ ಪಾಠವನ್ನೇ ಶುರು ಮಾಡಿದ.

"ಟ್ರಾನ್ಸ್‌ಫಾರ್ಮರ್ ಕರೆಂಟ್ ಹುಟ್ಟಿಸಲ್ಲ. ಒಳಗೆ ಕಬ್ಬಿಣದ ಮೇಲೆ ಎರಡು ತಂತಿ ಸುತ್ತಿರ್ತಾರೆ, ಒಂದಕ್ಕೊಂದು ಮುಟ್ಟಲ್ಲ. ಒಂದರಲ್ಲಿ ಕರೆಂಟ್ ಹಿಂದೆಮುಂದೆ ಓಡಾಡಿದ್ರೆ ಕಬ್ಬಿಣ ಆಯಸ್ಕಾಂತ ಆಗಿ ಇನ್ನೊಂದರಲ್ಲಿ ಕರೆಂಟ್ ಎಬ್ಬಿಸ್ತದೆ. ಸುತ್ತು ಕಮ್ಮಿ ಇದ್ದ ಕಡೆ ವೋಲ್ಟೇಜೂ ಕಮ್ಮಿ. ನೀವು ಜಾಸ್ತಿ ಎಳೆದ್ರೆ ತಂತಿ ಕಾಯ್ತದೆ, ಸುಡ್ತದೆ. ಅಷ್ಟೇ."

"ವಿಮಾನದಾಗೂ ಇಂಥ ಎಮ್ಮೆಗಾತ್ರದ್ದೇ ಇರ್ತದೇನ್ಲಾ?" ಎಂದ ಪಕ್ಕದ ತೋಟದ ಹುಚ್ಚರಂಗಯ್ಯ.

"ಇಲ್ಲ ಕಣಣ್ಣ, ತೆಂಗಿನ ಚಿಪ್ಪಿನಷ್ಟು. ಅಲ್ಲಿ ಕರೆಂಟ್ ಸೆಕೆಂಡಿಗೆ ನಾನೂರು ಸಲ ಹೋಗಿಬರ್ತದೆ, ಇಲ್ಲಿ ಐವತ್ತೇ. ಬೇಗ ಆದಷ್ಟೂ ಕಬ್ಬಿಣ ಕಮ್ಮಿ ಸಾಕು."

"ಬರೋವಾಗ ಅದನ್ನೇ ಒಂದ್ ಜೇಬಲ್ಲಿ ಹಾಕ್ಕೊಂಡ್ ಬರಬಾರ್ದಿತ್ತೇನ್ಲಾ!"

ಜನ ನಕ್ಕರು. ಭೀಮರಾಜು ನಗಲಿಲ್ಲ.

ಮರುದಿನ ತೋಟ ತೋಟ ತಿರುಗಿ ಸ್ಟಾರ್ಟರ್ ಪೆಟ್ಟಿಗೆಗಳನ್ನು ತೆರೆದ. ಕಚೇರಿಯ ಕಾಗದದಲ್ಲಿ ಎಲ್ಲರದೂ ಐದು ಎಚ್‌ಪಿ. ತೆರೆದು ನೋಡಿದರೆ ಹುಚ್ಚರಂಗಯ್ಯನದು ಏಳೂವರೆ, ಉಳಿದಿಬ್ಬರದೂ ಏಳೂವರೆ. "ಕಳ್ಳರು" ಎಂದು ಗೊಣಗುತ್ತಾ ಕೊನೆಗೆ ತನ್ನ ತೋಟಕ್ಕೆ ಬಂದ. ಪೆಟ್ಟಿಗೆ ತೆರೆದವನು ಹೆಂಡತಿಯನ್ನು ಕೂಗಿದ.

"ಸುನಂದಾ, ಇದು ಹತ್ತು ಎಚ್‌ಪಿದು!"

"ಹೂಂ ಕಣ್ರೀ. ಬೋರು ಒಂಬೈನೂರು ಅಡಿಗೋಯ್ತು, ಐದು ಎತ್ತುತ್ತಾ? ನೀವು ಅಲ್ಲಿ ವಿಮಾನ ನೋಡ್ಕೊಂಡ್ರಿ, ಇಲ್ಲಿ ತೋಟ ನಾನು ನೋಡ್ಕೊಂಡೆ."

"ನಾನು ನಿಜಾನೇ ಬರೀಬೇಕಲ್ಲ?"

"ಬರೀರಿ, ಯಾರು ಬ್ಯಾಡ ಅಂದ್ರು? ಮೊದ್ಲು ನಮ್ಮ ಮೋಟ್ರೇ ಬಿಚ್ಚಾಕ್ತಾರೆ. ಆಮೇಲೆ ತಿಪಟೂರಿಗೋಗಿ ಎಳನೀರು ಕೊಂಡ್ಕೊಂಡ್ ಕುಡೀರಿ."

ಸಂಜೆ ಪಟ್ಟಿ ಬರೆಯಲು ಕುಳಿತ. ಒಟ್ಟು ಮೂವತ್ತೆರಡೂವರೆ ಬಂತು. ಆ ಟಿಸಿ ಇಪ್ಪತ್ತಕ್ಕಿಂತ ಹೆಚ್ಚು ಹೊರುವಂಥದ್ದಲ್ಲ. ಹಾಳೆ ಹರಿದ. ಇನ್ನೊಂದರಲ್ಲಿ ಐದು, ಐದು, ಐದು, ಐದು ಎಂದು ಬರೆದು ಕೆಳಗೆ ಸಹಿ ಹಾಕಿದ. ಅಕ್ಷರ ಎಂದಿನಂತೆ ದುಂಡಗಿತ್ತು.

ಹೊಸ ಟಿಸಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಭೀಮರಾಜುವಿಗೆ ಹಾರ ಹಾಕಿದರು. "ಮಿಲಿಟ್ರಿಯೋನು ಲೆಕ್ಕ ಹಾಕವ್ನೆ, ಇನ್ನು ಸುಡಾಕಿಲ್ಲ ಬುಡ್ರಲಾ" ಎಂದ ಹುಚ್ಚರಂಗಯ್ಯ. ನಾಲ್ಕು ಮೋಟಾರೂ ಒಟ್ಟಿಗೆ ಓಡಿದವು.

ಹನ್ನೊಂದನೆಯ ದಿನ ಟಿಸಿ ಸುಟ್ಟುಹೋಯಿತು. ಮತ್ತೆ ಪಟ್ಟಿ ಬೇಕಾಯಿತು. ಈ ಸಲ ಭೀಮರಾಜುವಿಗೆ ಯಾರೂ ತೊಂದರೆ ಕೊಡಲಿಲ್ಲ, ಹಳೆಯದನ್ನೇ ತುರುವೇಕೆರೆಯಲ್ಲಿ ಜೆರಾಕ್ಸ್ ಮಾಡಿಸಿದರು.