ಕಡಲಕುದುರೆಯ ಬಾಲಕ್ಕೆ ಕಟ್ಟಿದ ದಾರ

ಕಳೆದ ವಾರ ಆಫೀಸಿನ ಬೀರು ಖಾಲಿ ಮಾಡುವಾಗ ಕೆಳಗಿನ ಖಾನೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಗಂಟು ಬಿಚ್ಚಿದ ಕೂಡಲೇ ಹಳೇ ರಬ್ಬರಿನ ವಾಸನೆ, ಅದರ ಹಿಂದೆಯೇ ಸಣ್ಣಗೆ ಉಪ್ಪಿನ ವಾಸನೆ... ಒಳಗಿದ್ದದ್ದು ಸಮುದ್ರದಲ್ಲಿ ಮುಳುಗಿ ಈಜುವವರು ಮುಖಕ್ಕೆ ಹಾಕಿಕೊಳ್ಳುವ ಮಾಸ್ಕ್. ಅದು ನನ್ನದಲ್ಲ, ನನ್ನ ಸೈನ್ಸ್ ಟೀಚರ್‌ದು. ಏಳು ವರ್ಷದ ಹಿಂದೆ ಅಂಡಮಾನಿನಿಂದ ವಾಪಸ್ ಬರುವಾಗ ನನ್ನ ಬ್ಯಾಗಿನಲ್ಲೇ ಉಳಿದುಹೋಗಿತ್ತು. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ.

ಅಪ್ಪ ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಕಾಲದಲ್ಲಿ, ಅಲ್ಲಿನ ಶಾಲೆಯಲ್ಲಿ ಟೀಚರ್ ನನಗೆ ಪಾಠ ಮಾಡಿದ್ದರು. ಸಣ್ಣ ಮೈಕಟ್ಟಿನ ಹೆಂಗಸು, ಗಟ್ಟಿ ದನಿ. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ಒಂದು ದಿನ ಬೋರ್ಡಿನ ಮೇಲೆ ಕಡಲಕುದುರೆಯ ಚಿತ್ರ ಬರೆದು, ಈ ಪ್ರಾಣಿಯಲ್ಲಿ ಮರಿಗಳನ್ನು ಹೊರುವುದು ಗಂಡು ಎಂದರು. ಇಡೀ ಕ್ಲಾಸು ನಕ್ಕಿತು. ಟೀಚರ್ ನಗಲಿಲ್ಲ. ನೀರು ಎಳೆದುಕೊಂಡು ಹೋಗಬಾರದೆಂದು ಅದು ಬಾಲದಿಂದ ಹುಲ್ಲನ್ನು ಹಿಡಿದುಕೊಂಡು ನಿಲ್ಲುತ್ತದೆ ಎಂದು ತಮ್ಮ ಕಿರುಬೆರಳನ್ನು ಸೀಮೆಸುಣ್ಣಕ್ಕೆ ಸುತ್ತಿ ತೋರಿಸಿದರು. "ನೀವು ನೋಡಿದ್ದೀರಾ ಟೀಚರ್?" ಎಂದು ಯಾರೋ ಕೇಳಿದ್ದಕ್ಕೆ, "ಇಲ್ಲ. ಪುಸ್ತಕದಲ್ಲಿ ಓದಿದ್ದು," ಎಂದರು. ಆ 'ಇಲ್ಲ' ಹೇಳುವಾಗ ಅವರಿಗೆ ನಾಚಿಕೆಯಾದದ್ದು ನನಗೆ ಕಂಡಿತ್ತು.

ಎಷ್ಟೋ ವರ್ಷಗಳ ಮೇಲೆ, ರಿಟೈರ್ ಆದ ಟೀಚರ್ ಕುಶಾಲನಗರದ ನನ್ನ ಟ್ರಾವೆಲ್ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕುರ್ಚಿಯಲ್ಲಿ ಕೂತು, ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ನಂಗೆ ಜೀವ ಇರೋ ಕಡಲಕುದುರೆ ನೋಡ್ಬೇಕು. ಎಂತ ಮಾಡ್ಬೇಕು ಹೇಳು."

ಅವರು ತಮಾಷೆ ಮಾಡುವವರಲ್ಲ. ಆಗಲೇ ಪರಿಚಯದ ಹೋಂಸ್ಟೇಯೊಂದರ ಕೊಳದಲ್ಲಿ ಈಜು ಕಲಿಯಲು ಶುರು ಮಾಡಿದ್ದರು. ಡಾಕ್ಟರ ಹತ್ತಿರ ಹೋಗಿ ಎದೆ, ಕಿವಿ ಎಲ್ಲ ತೋರಿಸಿ ಚೀಟಿಯನ್ನೂ ತಂದಿದ್ದರು. ಉಳಿದದ್ದು ಒಂದೇ ಪ್ರಶ್ನೆ. ಯಾರ ಜೊತೆ ನೀರಿಗಿಳಿಯುವುದು?

ನಾನು ಅಂಡಮಾನಿನಲ್ಲಿ ಎರಡು ಕಡೆ ಬರೆದು ಕೇಳಿದೆ. ಒಂದು, ಗಂಡ ಹೆಂಡತಿ ಇಬ್ಬರೇ ನಡೆಸುವ ಚಿಕ್ಕ ಡೈವಿಂಗ್ ಕೇಂದ್ರ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಒಬ್ಬ ಗೈಡಿನ ಜೊತೆ ಇಬ್ಬರಿಗಿಂತ ಹೆಚ್ಚು ಜನರನ್ನು ಇಳಿಸುವುದಿಲ್ಲ, ಯಾವುದನ್ನೂ ಮುಟ್ಟಲು ಬಿಡುವುದಿಲ್ಲ, ಒಂದು ವಾರ ಇರುವ ಹಾಗೆ ಬನ್ನಿ, ಆದರೂ ಕಡಲಕುದುರೆ ಕಾಣಿಸದೆಯೂ ಇರಬಹುದು ಎಂದಿತ್ತು. ಇನ್ನೊಂದು ದೊಡ್ಡ ಕಂಪನಿ. ಅವರ ಉತ್ತರ ಹತ್ತು ನಿಮಿಷದಲ್ಲೇ ಬಂತು. ಎರಡು ದಿನ ಸಾಕು, ಕಡಲಕುದುರೆ ಗ್ಯಾರಂಟಿ. ಪ್ರತಿ ಸೀಸನ್ ನಾನು ಜನರನ್ನು ಕಳಿಸುತ್ತಿದ್ದದ್ದು ಇವರಲ್ಲಿಗೇ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: ಈ ಸಲ ನೀವೂ ಬನ್ನಿ ಮೇಡಂ, ನಮ್ಮ ಅತಿಥಿಯಾಗಿ.

ಟೀಚರ್ ಎರಡನ್ನೂ ಪ್ರಿಂಟ್ ತೆಗೆಸಿ, ಉತ್ತರಪತ್ರಿಕೆ ತಿದ್ದುವಂತೆ ಕೆಂಪು ಪೆನ್ನು ಹಿಡಿದು ಓದಿದರು. 'ಕಾಣಿಸದೆಯೂ ಇರಬಹುದು' ಎಂಬುದರ ಕೆಳಗೆ ಗೆರೆ ಎಳೆದರು.

"ಹೀಗೆ ಬರ್ದವ್ರನ್ನ ನಂಬಬಹುದು," ಎಂದರು.

"ಅಷ್ಟು ದೂರ ಹೋಗಿ ಕಾಣದೇ ಬಂದ್ರೆ ಟೀಚರ್? ಈ ವಯಸ್ಸಲ್ಲಿ ಇನ್ನೊಂದ್ಸಲ ಹೋಗೋಕಾಗುತ್ತಾ?"

ವಯಸ್ಸಿನ ಮಾತನ್ನು ನಾನು ಬೇಕೆಂದೇ ಎತ್ತಿದ್ದೆ. ನನಗೂ ಸಮುದ್ರದ ಒಳಗನ್ನು ಬಿಟ್ಟಿಯಾಗಿ ನೋಡುವ ಆಸೆ ಹುಟ್ಟಿತ್ತು. ಅವರು ಪೆನ್ನಿನ ಮುಚ್ಚಳ ಹಾಕಿದರು. "ಸರಿ. ನಿಂಗೆ ಗೊತ್ತಿರೋ ಕೆಲಸ. ನೀ ಹೇಳಿದ ಹಾಗೆ."

ಅವರಿಗೆ ಹೇಳದ ಒಂದು ವಿಷಯ ನನ್ನಲ್ಲಿತ್ತು. ಆ ಕಂಪನಿಯ ಇಂಟರ್ನೆಟ್ ಪೇಜಿನಲ್ಲಿ ನೂರಾರು ಹೊಗಳಿಕೆಗಳ ನಡುವೆ ಯಾರೋ ಹೆಂಗಸು ಎರಡೇ ಸಾಲು ಬರೆದಿದ್ದಳು: 'ಇಲ್ಲಿ ಪ್ರಾಣಿಗಳನ್ನು ಕಟ್ಟಿಹಾಕುತ್ತಾರೆ. ಹೋಗಬೇಡಿ.' ನಾನು ಓದಿದ್ದೆ. ಓದಿ, ಮೇಲಕ್ಕೆ ಸರಿಸಿದ್ದೆ.

ಆ ದೊಡ್ಡ ಕಂಪನಿಯವರ ಜೊತೆಯೇ ಹೋದೆವು. ನೀರಿನಡಿ ಟೀಚರ್ ನನಗಿಂತ ಧೈರ್ಯವಾಗಿದ್ದರು. ನಾನು ಗೈಡಿನ ತೋಳನ್ನು ಬಿಡಲೇ ಇಲ್ಲ. ಎರಡಾಳು ಆಳ ಇರಬಹುದು. ಮರಳಿನ ಮೇಲೆ ಹುಲ್ಲು, ಹುಲ್ಲಿನ ನಡುವೆ ಒಂದು ಗೂಟ. ಗೈಡ್ ನೇರವಾಗಿ ಅಲ್ಲಿಗೇ ಕರೆದುಕೊಂಡು ಹೋದ, ಅಂಗಡಿಯವನು ಕಪಾಟಿಗೆ ಕೈ ಹಾಕುವ ಹಾಗೆ. ಕಂದು ಹಳದಿ ಬಣ್ಣದ, ಬೆರಳುದ್ದದ ಕಡಲಕುದುರೆ ಅಲ್ಲಿತ್ತು. ಹೊಟ್ಟೆ ಉಬ್ಬಿತ್ತು. ಮರಿ ಹೊತ್ತ ಗಂಡು.

ಟೀಚರ್ ಅಲುಗಾಡದೆ ನೋಡಿದರು. ಎಷ್ಟು ಹೊತ್ತೋ... ಆಮೇಲೆ ಹತ್ತಿರಕ್ಕೆ ಬಾಗಿದರು. ಅದರ ಬಾಲ ಹುಲ್ಲನ್ನು ಹಿಡಿದಿರಲಿಲ್ಲ. ಬಾಲಕ್ಕೆ ಮೀನು ಗಾಳದ ಸಣ್ಣ ದಾರ ಸುತ್ತಿ ಗೂಟಕ್ಕೆ ಕಟ್ಟಿದ್ದರು. ಅದು ಒಂದು ಗೇಣು ಮುಂದಕ್ಕೆ ಹೋಗುತ್ತಿತ್ತು, ದಾರ ಬಿಗಿಯುತ್ತಿತ್ತು, ಮತ್ತೆ ಹಿಂದಕ್ಕೆ ಬರುತ್ತಿತ್ತು. ಟೀಚರ್ ದಾರ ಬಿಚ್ಚಲು ಕೈ ಚಾಚಿದರು. ಗೈಡ್ ಅವರ ಮಣಿಕಟ್ಟು ಹಿಡಿದು, ಮುಟ್ಟಬಾರದು ಎಂದು ಬೆರಳು ಆಡಿಸಿದ. ಆಮೇಲೆ ನಮ್ಮಿಬ್ಬರ ಫೋಟೋ ತೆಗೆದ.

ದೋಣಿಗೆ ಹತ್ತಿದ ಮೇಲೆ ಅವನು ಹಿಂದಿಯಲ್ಲಿ ಸಮಾಧಾನ ಹೇಳಿದ: ಜನ ದೂರದಿಂದ ಬರುತ್ತಾರೆ, ತೋರಿಸದಿದ್ದರೆ ಬೈಯುತ್ತಾರೆ, ಸಂಜೆ ಬಿಚ್ಚಿಬಿಡುತ್ತೇವೆ. ಟೀಚರ್ ತಮ್ಮ ಒದ್ದೆ ಮಾಸ್ಕನ್ನು ನನ್ನ ಕೈಗೆ ಕೊಟ್ಟು ಕೇಳಿದರು:

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಇಲ್ಲ ಟೀಚರ್."

ಕಾಪಿ ಹೊಡೆದ ಉತ್ತರವನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಹಾಗಾದ್ರೆ ಊರಿಗೆ ಹೋದ ಮೇಲೆ ಅವರ ಪೇಜಲ್ಲಿ ಬರಿ. ಕಂಡದ್ದನ್ನ ಕಂಡ ಹಾಗೆ. ಹೆಸ್ರು ಹಾಕಿ ಬರಿ. ನೀನು ಈ ಕೆಲಸದವಳು, ನಿನ್ನ ಮಾತು ಕೇಳ್ತಾರೆ."

ಬರೆಯುತ್ತೇನೆ ಎಂದೆ. ಎರಡನೇ ದಿನ ಅವರು ನೀರಿಗಿಳಿಯಲಿಲ್ಲ.

ನಾನು ಬರೆಯಲಿಲ್ಲ. ಮುಂದಿನ ಸೀಸನ್ನಿಗೆ ಅದೇ ಕಂಪನಿಗೆ ಮೂರು ಗುಂಪು ಬುಕ್ ಆಗಿತ್ತು. ಬರೆದು ಯಾರನ್ನು ಎದುರು ಹಾಕಿಕೊಳ್ಳುವುದು? ಸೋಮವಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಟೀಚರ್ ಕೇಳಿದರು: "ಬರೆದ್ಯಾ?" ಸೀಸನ್ ಮುಗೀಲಿ ಟೀಚರ್ ಎಂದೆ. ಒಂದು ಮದುವೆಯಲ್ಲಿ ಮತ್ತೆ ಕೇಳಿದರು. ಪಾಸ್‌ವರ್ಡ್ ಮರೆತುಹೋಗಿದೆ ಎಂದೆ. ಮೂರನೇ ಸಲ ಸಿಕ್ಕಾಗ ಅವರು ಕೇಳಲಿಲ್ಲ. ಆಫೀಸು ಹೇಗೆ ನಡೀತಿದೆ, ಮನೆಯಲ್ಲಿ ಎಲ್ಲ ಸೌಖ್ಯವಾ ಎಂದು ಮಾತ್ರ ವಿಚಾರಿಸಿದರು, ಬೇರೆ ಯಾರನ್ನೋ ವಿಚಾರಿಸುವ ಹಾಗೆ. ಆಮೇಲೆ ಅವರನ್ನು ಕಂಡರೆ ನಾನೇ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ.

ಹೋದ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು. ನನಗೆ ತಿಳಿದದ್ದು ಹಳೇ ಕ್ಲಾಸಿನವರ ವಾಟ್ಸಾಪ್ ಗುಂಪಿನಿಂದ, ಎರಡು ದಿನ ತಡವಾಗಿ. ಮಾದಾಪುರಕ್ಕೆ ಹೋದೆ. ಅವರ ತಂಗಿ ಕಾಫಿ ಕೊಟ್ಟು ಎದುರಿಗೆ ಕೂತರು.

"ಟೀಚರ್‌ಗೆ ನನ್ ಮೇಲೆ ಕೋಪ ಇತ್ತಾ ಅಮ್ಮ?" ಎಂದು ಕೇಳಿದೆ.

"ಕೋಪ ಎಂತದ್ದೂ ಇರ್ಲಿಲ್ಲ," ಎಂದರು. "ನಿಮ್ಮ ಸುದ್ದಿನೇ ಎತ್ತುತ್ತಿರ್ಲಿಲ್ಲ."

ಹೊರಡುವಾಗ, ಇದು ನಿಮಗೆ ಅರ್ಥವಾಗಬಹುದು ಎಂದು ಒಂದು ಹಾಳೆ ತಂದು ತೋರಿಸಿದರು. ಆ ದ್ವೀಪದ ಅಧಿಕಾರಿಗಳಿಗೆ ಟೀಚರ್ ಬರೆದ ದೂರಿನ ಕರಡು. ಕಳಿಸಿದರೋ ಇಲ್ಲವೋ ತಂಗಿಗೆ ಗೊತ್ತಿರಲಿಲ್ಲ. ಗೂಟ, ದಾರ, ಉಬ್ಬಿದ ಹೊಟ್ಟೆ ಎಲ್ಲವೂ ಅದೇ ದುಂಡು ಅಕ್ಷರದಲ್ಲಿ ಕಂಡದ್ದನ್ನು ಕಂಡ ಹಾಗೆ ಇತ್ತು. ಕೊನೆಯಲ್ಲಿ, 'ನನ್ನ ವಿದ್ಯಾರ್ಥಿನಿಯೊಬ್ಬಳು ಜೊತೆಗಿದ್ದಳು, ಅವಳೂ ಸಾಕ್ಷಿ ಹೇಳುತ್ತಾಳೆ' ಎಂಬ ಸಾಲು. ಅದನ್ನು ಸ್ಕೇಲ್ ಇಟ್ಟು ನೇರವಾಗಿ ಹೊಡೆದುಹಾಕಿ, ಮೇಲೆ ಬರೆದಿದ್ದರು: 'ನಾನೊಬ್ಬಳೇ ನೋಡಿದ್ದು.'

ಬಸ್ಸಿನಲ್ಲಿ ಬರುತ್ತಾ ಮೊಬೈಲ್ ತೆಗೆದು ಆ ಪೇಜಿನಲ್ಲಿ ಎಲ್ಲವನ್ನೂ ಬರೆದೆ. ಹೆಸರನ್ನೂ ಹಾಕಿದೆ. ಬಸ್ಸು ಕುಶಾಲನಗರ ಮುಟ್ಟುವಷ್ಟರಲ್ಲಿ ಉತ್ತರ ಬಂದಿತ್ತು. ನಿಮ್ಮ ಅಮೂಲ್ಯ ಅನಿಸಿಕೆಗೆ ಧನ್ಯವಾದ, ಮತ್ತೆ ಬನ್ನಿ ಎಂದಿತ್ತು. ಈಗಲೂ ಆಗಾಗ ತೆಗೆದು ನೋಡುತ್ತೇನೆ. ನನ್ನ ಮಾತು ಹೊಸ ಹೊಗಳಿಕೆಗಳ ಕೆಳಗೆ ಎಲ್ಲೋ ಇಳಿದುಹೋಗಿದೆ, ಬೆರಳಿನಿಂದ ಬಹಳ ಹೊತ್ತು ಸರಿಸಬೇಕು. ಬರೆದೆ ಟೀಚರ್ ಎಂದು ಹೇಳಲು ಮಾದಾಪುರದಲ್ಲಿ ಈಗ ಅವರಿಲ್ಲ. ಇದ್ದಾಗ, ನಾನು ಬರೆದಿರಲಿಲ್ಲ.