ಖಾನಾಪುರದ ಕಲ್ಲುಮನೆಯ ಉಬ್ಬಿದ ಗೋಡೆ

ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ನಾನು ಬೆಳಗಾವಿಯ ಸದಾಶಿವನಗರದಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಎಂದು ಬೋರ್ಡು ಹಾಕಿದ ಮೊದಲ ವರ್ಷ ಅದು. ಖಾನಾಪುರದ ಅಕ್ಕಿ ವ್ಯಾಪಾರಿ ಧನಪಾಲ ನನ್ನನ್ನು ಹುಡುಕಿಕೊಂಡು ಬಂದರು. ಬ್ರಿಟಿಷರ ಕಾಲದಲ್ಲಿ ಅರಣ್ಯಾಧಿಕಾರಿಯೊಬ್ಬನಿಗಾಗಿ ಕಟ್ಟಿದ್ದ ಕಲ್ಲಿನ ಮನೆಯನ್ನು ಅವರ ಅಜ್ಜ ಕೊಂಡಿದ್ದರು. ಈಗ ಅದರ ಪಶ್ಚಿಮದ ಗೋಡೆ ಉಬ್ಬಿತ್ತು. ಹಿಂದಿನ ವಾರ ಕಲ್ಲೊಂದು ಕಳಚಿ ಅವರ ತಾಯಿಯ ಮಂಚದ ಪಕ್ಕದಲ್ಲೇ ಬಿದ್ದಿತ್ತು. ಮನೆ ಕೆಡವಲು ಅವರಿಗೆ ನನ್ನ ವರದಿ ಬೇಕಿತ್ತು.

ಹೋಗಿ ನೋಡಿದೆ. ಕಮಾನುಗಳ ಪಡಸಾಲೆ, ಸಾಗವಾನಿ ತೊಲೆಗಳು, ಹೆಂಚಿನ ಕಡಿದಾದ ಛಾವಣಿ, ಎಲ್ಲವೂ ಗಟ್ಟಿಯಾಗಿದ್ದವು. ಇಂಥ ಮನೆಗಳ ಗೋಡೆಯಲ್ಲಿ ಒಳಗೊಂದು, ಹೊರಗೊಂದು ಕಲ್ಲಿನ ಸಾಲು ಇರುತ್ತದೆ. ನಡುವೆ ಸುಣ್ಣದ ಗಾರೆ ಮತ್ತು ಕಲ್ಲುಚೂರು. ಸುಣ್ಣ ತಾನು ಕುಡಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಎಂದೋ ಬಳಿಸಿದ್ದ ಸಿಮೆಂಟ್ ಆ ದಾರಿಯನ್ನು ಮುಚ್ಚಿತ್ತು. ಒಳಗೇ ನಿಂತ ಮಳೆನೀರು ಗಾರೆಯನ್ನು ಮಣ್ಣು ಮಾಡಿ ಎರಡೂ ಸಾಲುಗಳನ್ನು ದೂಡಿತ್ತು.

“ಈ ಒಂದು ಗ್ವಾಡಿ ಬಿಚ್ಚಿ ಕಟ್ಟಿದ್ರ ಮನಿ ಉಳೀತೈತ್ರಿ,” ಎಂದೆ.

“ನಿಮಗ ಮನಿ ಉಳೀಬೇಕು, ಸಾಹೇಬ್ರ. ನನಗ ನಮ್ಮವ್ವ ಉಳೀಬೇಕ್ರಿ,” ಎಂದರು ಧನಪಾಲ.

ನನ್ನ ಲೆಕ್ಕ ತಪ್ಪಿದರೆ ಆ ಗೋಡೆಯ ಕೆಳಗೆ ಸಿಗುವವನು ನಾನಲ್ಲ. ಮೊದಲು ತಾಯಿಯನ್ನು ಅಲ್ಲಿಂದ ಎಬ್ಬಿಸಬೇಕಿತ್ತು. ಎಂಬತ್ತು ದಾಟಿದ ಶಾಂತವ್ವ ಮಂಚ ಬಿಟ್ಟು ಕದಲಲೊಲ್ಲರು.

“ಕೆಡವಾಕಂದ್ರ ನಾ ಏಳಂಗಿಲ್ಲ. ದುರಸ್ತಿಗಂದ್ರ ಈಗ ಏಳ್ತೀನಿ,” ಎಂದರು.

ಧನಪಾಲ ಉಬ್ಬಿದ ಗೋಡೆಯನ್ನೂ ತಾಯಿಯನ್ನೂ ನೋಡಿದರು. ಕೊನೆಗೆ, “ದುರಸ್ತಿನ ಮಾಡೂಣು, ಬಾರವ್ವಾ,” ಎಂದು ಕೈ ಚಾಚಿದರು.

ಛಾವಣಿಗೆ ಉಕ್ಕಿನ ಆಸರೆ ಕೊಟ್ಟು, ಗೋಡೆಯನ್ನು ಮೇಲಿನಿಂದ ಬಿಚ್ಚಿ, ಅವೇ ಕಲ್ಲುಗಳನ್ನು ಸುಣ್ಣದಲ್ಲಿ ಮತ್ತೆ ಕಟ್ಟಿಸಿದೆ. ಸಾಲುಗಳು ಬೇರ್ಪಡದಂತೆ ಗೋಡೆಯ ಪೂರ್ತಿ ದಪ್ಪಕ್ಕೂ ಹಾಯುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಕೂಡಿಸಿದೆವು. ಉಳಿದ ಗೋಡೆಗಳ ಸಿಮೆಂಟನ್ನೂ ಕೆತ್ತಿ ತೆಗೆಸಿದೆ. ಬೇಸಿಗೆ ಮುಗಿಯುವ ಮೊದಲೇ ಮನೆ ಭದ್ರವಾಗಿದೆ ಎಂದು ಬರೆದುಕೊಟ್ಟೆ.

ಆಷಾಢದ ಮಳೆ ಹಿಡಿದಾಗ ಧನಪಾಲರ ಫೋನು ಬಂತು. “ಒಮ್ಮೆ ಬಂದ್ ಹೋಗ್ರಿ,” ಎಂದಷ್ಟೇ ಹೇಳಿದರು. ಗೋಡೆಗೇನಾಯಿತೋ ಎಂದು ಆಗಲೇ ಹೊರಟೆ. ಹೋಗಿ ನೋಡಿದರೆ ಆ ಕೋಣೆಯಲ್ಲಿ ತಾಯಿಯ ಮಂಚವಿಲ್ಲ. ಗೋಡೆಗೆ ತಾಗಿಸಿ ಧನಪಾಲರ ಹಾಸಿಗೆಯಿದೆ. ಮಳೆ ಶುರುವಾದಾಗಿನಿಂದ ಅವರು ಅಲ್ಲೇ ಮಲಗುತ್ತಿದ್ದರಂತೆ.

“ನಿಮ್ಮ ಮಾತು ಸುಳ್ಳಂತಲ್ರಿ. ಅವ್ವನ್ನ ಮಲಗಸೂಕಿಂತ ಮೊದಲ ನಾ ಮಲಗಿ ನೋಡಬೇಕಿತ್ತು.”

ಅವರು ಗೋಡೆಗೆ ಅಂಗೈ ಒತ್ತಿದರು. ನಾನೂ ಒತ್ತಿದೆ. ತಂಪಿತ್ತು, ಪಸೆಯಿರಲಿಲ್ಲ. ಇಬ್ಬರೂ ಸೇರಿ ಶಾಂತವ್ವನ ಮಂಚವನ್ನು ಒಳಗೆ ಹೊತ್ತು ತಂದೆವು. “ಖಿಡಕಿ ಬಾಜು ಇಡ್ರಿ,” ಎಂದು ಆಕೆ ಹಿಂದಿನಿಂದ ಕಿಟಕಿಯತ್ತ ಕೈ ತೋರಿಸಿ ಹೇಳುತ್ತಿದ್ದರು.

ಗೋಡೆ ಎಷ್ಟು ಭಾರ ಹೊರುತ್ತದೆಂದು ಲೆಕ್ಕ ಹಾಕುವುದನ್ನು ಕಾಲೇಜು ಕಲಿಸಿತ್ತು. ಅದರ ಪಕ್ಕದಲ್ಲಿ ಮಲಗುವವರಿಗೆ ನೆಮ್ಮದಿಯ ನಿದ್ದೆ ಬರುವವರೆಗೂ ಎಂಜಿನಿಯರನ ಕೆಲಸ ಮುಗಿಯುವುದಿಲ್ಲ ಎಂಬುದನ್ನು ನಾನು ಕಲಿತದ್ದು ಖಾನಾಪುರದಲ್ಲಿ.